ಒಂಬತ್ತಡಿ ಅಗಲ, ಹದಿನೆಂಟಡಿ ಉದ್ದ

ಒಂದು ಕಾರಿಗೆ ಒಂಬತ್ತಡಿ ಅಗಲ, ಹದಿನೆಂಟಡಿ ಉದ್ದ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು
ಟ್ಯಾನರ್ಸ್ ಬೆಂಡ್ ಎಂಬ ಈ ಒಹಾಯೊ ಹಳ್ಳಿಯಲ್ಲಿ
ಕಾನೂನೇ ಮಾಡಿ, ಬಿಳಿ ಬಣ್ಣದಲ್ಲಿ ನೆಲಕ್ಕೆ ಬಳಿದಿದ್ದಾರೆ.

ಹಳ್ಳಿಯೆಂದರೆ ಹಳ್ಳಿಯೇ. ಸಾವಿರದ ನೂರ ನಲವತ್ತು ತಲೆ,
ಒಂದೇ ಒಂದು ಸಿಗ್ನಲ್ಲು, ಅದೂ ರಾತ್ರಿ ಹತ್ತರ ಮೇಲೆ
ಹಳದಿ ಕಣ್ಣು ಮಿಟುಕಿಸುತ್ತ ತೂಕಡಿಸುತ್ತದೆ.
ವಲಯ ಸಮಿತಿಯಲ್ಲಿ ಐದನೆಯ ಕುರ್ಚಿ ನನ್ನದು.
ಯಾರೂ ಒಲ್ಲೆನೆಂದ ಕುರ್ಚಿ.
ಔಷಧಿ ಅಂಗಡಿಯವಳು, ಎಷ್ಟು ಸಣ್ಣ ಅಕ್ಷರವನ್ನೂ ಓದುತ್ತಾಳೆ
ಎಂದು ಕೂರಿಸಿದರು.

ಓದುತ್ತೇನೆ.
ಎರಡು ಸಾಲುಗಳ ನಡುವೆ ಇಪ್ಪತ್ತನಾಲ್ಕಡಿ ಓಣಿ,
ಓರೆಯಾಗಿ ನಿಲ್ಲಿಸಿದರೆ ಹದಿನೆಂಟು ಸಾಕು.
ಹತ್ತು ಕಾರಿಗೊಂದು ಮರ,
ನೆಡುವಾಗಲೇ ಕಾಂಡ ಎರಡಂಗುಲ ಇರತಕ್ಕದ್ದು.
ಕಂಬದ ದೀಪದ ಬೆಳಕು ಪಕ್ಕದವರ ಗಡಿ ದಾಟತಕ್ಕದ್ದಲ್ಲ.
ಇಲ್ಲಿಗೆ ಬಂದಾಗ ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತೇನೆ,
ಬೆಳಕಿಗೆ ಸಮನ್ಸ್ ಒಯ್ದು ಕೊಡುವವರು ಯಾರು?
ಹೋಟೆಲಿಗಾದರೆ ಮೂರು ಕುರ್ಚಿಗೊಂದು ಕಾರು,
ಶವಸಂಸ್ಕಾರದ ಮನೆಗೆ ನಾಲ್ಕು ಕುರ್ಚಿಗೊಂದು.
ಹಸಿವು ಮೂವರ ಜೊತೆ ಬರುತ್ತದೆ, ದುಃಖ ನಾಲ್ವರ ಜೊತೆ.
ಬರೆದವನು ಎಲ್ಲಿ ಕೂತು ಎಣಿಸಿದನೋ.

ಆರ್ವಿಲ್ ಪ್ರೂಯಿಟ್‌ನ ಶವಸಂಸ್ಕಾರದ ಮನೆಗೆ
ತೊಂಬತ್ತಾರು ಕುರ್ಚಿ, ಇಪ್ಪತ್ತನಾಲ್ಕು ಕಾರಿನ ಜಾಗ.
ಆಚೆ ಮನೆ ಲೆನೋರಾ ಸ್ಟಬಲ್‌ಫೀಲ್ಡ್‌ದು.
ಹನ್ನೊಂದು ವರ್ಷ ದೂರಿದಳು, ಹನ್ನೊಂದು ವರ್ಷವೂ ಕೈಬರಹದಲ್ಲಿ:
"ಸತ್ತವರ ನೆಂಟರೆಲ್ಲ ಹೆಡ್‌ಲೈಟು ಹಾಕಿಕೊಂಡು
ನನ್ನ ಸೂಪಿನ ಪಾತ್ರೆಯ ಮೇಲೆ ಹಾದು ಹೋಗುತ್ತಾರೆ."
ಕೊನೆಗೆ ಆಜ್ಞೆ ಮಾಡಿದೆವು. ಮೂರಡಿ ಎತ್ತರದ ಬೇಲಿಗಿಡ,
ವರ್ಷವಿಡೀ ಎಲೆ ಉದುರದ ಜಾತಿ.
ಆರ್ವಿಲ್ ಗೊಣಗಿದ, ನೆಟ್ಟ, ನೀರು ಹಾಕಿದ.

ಎರಡು ವಸಂತ ಕಳೆದ ಮೇಲೆ ಲೆನೋರಾ ಮತ್ತೆ ಹಾಜರು.
"ಈಗಿನ್ನೇನು?" ಅಧ್ಯಕ್ಷ ಮರ್ಲ್ ಕನ್ನಡಕ ತೆಗೆದ.

"ಯಾರು ಬಂದರು, ಯಾರು ಬರಲಿಲ್ಲ, ಒಂದೂ ತಿಳಿಯುವುದಿಲ್ಲ.
ಒಂಟಿಗಣ್ಣಿನದು ಹೆಂಕಲ್ ಮನೆಯ ಟ್ರಕ್ಕು,
ನೀಲಿ ಬೆಳಕಿನದು ದಂತವೈದ್ಯೆ,
ಗೋಡೆ ತುಂಬಾ ನಡುಗುವುದು ಪಾದ್ರಿಯ ಹಳೆ ಗಾಡಿ.
ಅಡುಗೆಮನೆ ಗೋಡೆಯ ಮೇಲೆ ಎಣಿಸುತ್ತಿದ್ದೆ.
ಹೋದವರು ಎಷ್ಟು ಜನಕ್ಕೆ ಬೇಕಾಗಿದ್ದರು ಅಂತ ಒಂದು ಅಂದಾಜು.
ಮೊನ್ನೆ ಸ್ಕೂಲ್ ಬಸ್ಸಿನ ಡಾರ್ವಿನ್ ಹೋದನಂತೆ,
ಪೇಪರಿನಲ್ಲಿ ಓದಿದೆ. ನೂರು ಗಜ ದೂರದ ಸಾವು, ಪೇಪರಿನಲ್ಲಿ!
ನನಗೆ ಬೇಲಿಯಲ್ಲಿ ಒಂದು ಸಂದು ಬೇಕು."

ನಲವತ್ತು ಪುಟಗಳ ನಿಯಮದಲ್ಲಿ
ಸಂದು ಎಂಬ ಮಾತೇ ಇಲ್ಲ.
ಬೇಲಿ ಎಂದರೆ ಬಿಡುವಿಲ್ಲದ್ದು, ಹಾಗಂತ ವ್ಯಾಖ್ಯೆ.
ಮರ್ಲ್ ಪೆನ್ನು ಮುಚ್ಚಿದ, ತೆರೆದ, ಮುಚ್ಚಿದ.
ಕಾಫಿ ಯಂತ್ರ ಒಂದು ಸಲ ಕೆಮ್ಮಿತು.

ನಾನು ಪುಟ ತಿರುಗಿಸಿದೆ, ಮಾತ್ರೆ ಎಣಿಸುವ ಅಭ್ಯಾಸದ ಬೆರಳಲ್ಲಿ.
ಮೂವತ್ತೊಂದನೆಯ ಪುಟ, ಉಪವಿಧಿ ಆರು:
"ಅಕ್ಕಪಕ್ಕದ ನಿವೇಶನಕ್ಕೆ ಪಾದಚಾರಿಗಳ ದಾರಿ,
ಐದಡಿ ಅಗಲ, ಗಟ್ಟಿ ನೆಲ, ಬೇಲಿಯ ನಡುವೆ ಸಲ್ಲುತ್ತದೆ."
ಕೇಳಿದೆ: "ಲೆನೋರಾ, ನೀವು ಆರ್ವಿಲ್‌ನಲ್ಲಿಗೆ ನಡೆದು ಹೋಗುವುದುಂಟೇ?"

ಅವಳು ತನ್ನ ವಾಕರಿನ ನಾಲ್ಕು ರಬ್ಬರು ಪಾದ ನೋಡಿದಳು.
"ಹೋಗದೆ? ಎಲ್ಲರ ಹಾಗೆ, ಒಂದು ದಿನ.
ಆವತ್ತು ನಡೆದಲ್ಲ, ಅಷ್ಟೇ."

ಮರ್ಲ್ ನಗು ಬಾರದಂತೆ ಕೆಮ್ಮಿ ಮತಕ್ಕೆ ಹಾಕಿದ.
ನಾಲ್ಕು ಪರ, ಸೊನ್ನೆ ವಿರೋಧ;
ಆರ್ವಿಲ್‌ನ ಭಾವಮೈದ ನಿಯಮದಂತೆ ತಟಸ್ಥ.

ಹೊರಗೆ ಬಂದೆ. ನಮ್ಮ ಪಂಚಾಯಿತಿ ಕಟ್ಟಡಕ್ಕೆ
ನಮ್ಮದೇ ಲೆಕ್ಕದಲ್ಲಿ ಹದಿನಾಲ್ಕು ಜಾಗ ಬೇಕು, ಇರುವುದು ಆರು.
ನಿಯಮಕ್ಕಿಂತ ಹಿರಿದಾದ್ದರಿಂದ ಅದಕ್ಕೆ ಮಾಫಿ.
ನನ್ನ ಕಾರಿನ ಎಡಚಕ್ರ ಬಿಳಿಗೆರೆಯ ಮೇಲಿತ್ತು,
ಕುಂಟೆಬಿಲ್ಲೆಯಲ್ಲಿ ಔಟಾಗಿಯೂ ಒಪ್ಪದ ಹುಡುಗಿಯ ಹಾಗೆ.
ದೀಪ ಹಾಕಿದೆ. ಎದುರು ಗೋಡೆಯ ಮೇಲೆ
ನನ್ನದೇ ಎರಡು ದುಂಡು, ಬಲದ್ದು ಕೊಂಚ ಮಂಕು.
ಬದಲಿಸಬೇಕೆಂದು ತಿಂಗಳಿಂದ ಅಂದುಕೊಳ್ಳುತ್ತಿದ್ದ ಬಲ್ಬು.

ಇರಲಿ ಬಿಡು ಎನಿಸಿತು. ಗುರುತಿಗೆ.