ಚಲನ್ ಪುಸ್ತಕದ ಕೊನೆಯ ಹಾಳೆ

ರೆಸಿಡೆನ್ಸಿ ರಸ್ತೆಯ ಹೋಟೆಲಿನಲ್ಲಿ
ಉದ್ಯಮಿಗಳ ಸಮ್ಮಿಲನವೆಂದು ಒಂದು ಸಂಜೆ ಹೋಗಿದ್ದೆ.
ಎದೆಗೆ ಹೆಸರು ಅಂಟಿಸಿದರು. ಜಯಶೀಲಾ ಹೋಗಿ
ಜಯಶೀಲನ್ ಆಗಿದ್ದೆ. ಯಾರೂ ಓದಲಿಲ್ಲ.
ಹದಿನೆಂಟು ಕಾರ್ಡು, ಎರಡು ತುಂಡು ಪನೀರು.
ಬೆರಳ ಸಂದಿನ ಕಪ್ಪು ಅವರಿಗೆ ತಾಗಬಾರದೆಂದು
ಕುಲುಕಿದ ಕೈಯನ್ನು ನಾನೇ ಬೇಗ ಬಿಡಿಸಿಕೊಂಡೆ.
ಹದಿನೆಂಟರಲ್ಲಿ ಒಬ್ಬರು ಫೋನು ಮಾಡಿದರು.
ವಿಮೆ ಬೇಕೇ ಎಂದು.

ನನ್ನದು ಪೀಣ್ಯ ಎರಡನೇ ಹಂತ.
ಅಡ್ಡರಸ್ತೆಗೂ ಅಡ್ಡ ಬಿದ್ದಿರುವ ಒಂದು ಓಣಿ,
ತಗಡಿನ ಶೆಡ್ಡು, ಒಂದು ಪ್ರೆಸ್ಸು, ಮೂರು ಜನ.
ಪಂಪಿನ ಬಾಯಿಗೆ ಕೂರುವ ರಬ್ಬರ್ ಬಳೆ ಮಾಡುತ್ತೇವೆ.
ಸೋರುವ ತನಕ
ಅದು ಅಲ್ಲಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹೊಸೂರಿನ ಲಾರಿ ಬೆಳಗ್ಗೆ ಏಳಕ್ಕೆ,
ನಾಲ್ಕು ಸಾವಿರ ಪೀಸಿನಲ್ಲಿ ಇನ್ನೂ ಒಂಬೈನೂರು ಬಾಕಿ,
ರಾತ್ರಿ ಹನ್ನೊಂದೂಕಾಲಿಗೆ
ಹೀಟರಿನ ಕಾಯಿಲ್ ಸುಟ್ಟಿತು.
ಎಸ್.ಪಿ. ರಸ್ತೆ ಮಲಗಿಯಾಗಿತ್ತು.
ಮೊಬೈಲಿನಲ್ಲಿ ಆರುನೂರು ಹೆಸರು.
ಬೆರಳಿನಿಂದ ತಳ್ಳುತ್ತ ಹೋದೆ, ಮೇಲಿನಿಂದ ಕೆಳಕ್ಕೆ,
ಈ ಹೊತ್ತಿನಲ್ಲಿ ಕರೆಯಬಹುದಾದ ಒಂದು?
'ಹ' ಮುಗಿಯಿತು, 'ಳ'ದಲ್ಲಿ ಯಾರೂ ಇರಲಿಲ್ಲ.

ತಬ್ರೇಜ್ ಹೇಳಿದ,
"ಆರೋಗ್ಯಸ್ವಾಮಿ ಶೆಡ್ಡಲ್ಲಿ ಲೈಟು ಉರೀತಿದೆ ಅಕ್ಕ."

ಆರೋಗ್ಯಸ್ವಾಮಿ!
ನಾನು ಮಾಡುವ ಮಾಲನ್ನೇ ಮಾಡುವವನು,
ನಾನು ಕೂತೆದ್ದ ಬೆಂಚಿನಲ್ಲೇ
ಬಿಸಿ ಆರುವ ಮುನ್ನ ಕೂರುವವನು.
ಏಳು ವರ್ಷದಲ್ಲಿ ನಮ್ಮ ನಡುವೆ
ಗೇಟಿನ ಬಳಿ ಅರ್ಧ ತಲೆಯಾಡಿಸಿದ್ದು ಬಿಟ್ಟರೆ ಮಾತಿಲ್ಲ.

ಹೋಗಿ ನಿಂತೆ.
ಏನು ಕೇಳಬೇಕೆಂದು ತೋಚದೆ
"ಊಟ ಆಯ್ತಾ?" ಎಂದೆ.
ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ.
ಕೈಯಲ್ಲಿ ಸುಟ್ಟ ಕಾಯಿಲ್.
ತನ್ನ ಮಷೀನು ಆರಿಸಿದ. ಕಾವು ಇಳಿಯುವ ತನಕ
ಫ್ಲಾಸ್ಕಿನಿಂದ ಇಬ್ಬರಿಗೂ ಟೀ ಬಗ್ಗಿಸಿದ.
ಆಮೇಲೆ ಸ್ಪ್ಯಾನರ್ ಹಿಡಿದು
ತನ್ನದನ್ನೇ ಬಿಚ್ಚಿ ಕೊಟ್ಟ.

ಪ್ಯಾಕಿಂಗಿಗೆ ರಟ್ಟು ಸಾಲದೆ ಬಂದಾಗ
ಕಾಮಾಕ್ಷಿಪಾಳ್ಯದ ವಹೀದಾಳನ್ನು ಎಬ್ಬಿಸಿದ್ದೂ ಅವನೇ.
ನೈಟಿಯ ಮೇಲೆ ದುಪಟ್ಟಾ ಹೊದ್ದು,
ಸ್ಕೂಟರಿನ ಕಾಲಿಡುವ ಜಾಗದಲ್ಲಿ ಪೆಟ್ಟಿಗೆ ಒಟ್ಟಿಕೊಂಡು
ನಾಲ್ಕೂವರೆಗೆ ಬಂದಳು, ಬೈಯುತ್ತಲೇ ಬಂದಳು.
ಲಾರಿ ಏಳಕ್ಕಲ್ಲ, ಎಂಟೂಮುಕ್ಕಾಲಿಗೆ ಬಂತು.
ಮೂವರೂ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದೆವು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು.
ಮುಂದಿನ ತಿಂಗಳು ಅದೇ ಹೊಸೂರಿನವರಿಗೆ
ಪೀಸಿಗೆ ನಲವತ್ತು ಪೈಸೆ ಇಳಿಸಿ
ಆರ್ಡರು ಎತ್ತಿಕೊಂಡವನು ಆರೋಗ್ಯಸ್ವಾಮಿಯೇ.
ಎರಡು ದಿನ ನನಗೆ ಊಟ ಸೇರಲಿಲ್ಲ.
ಮೂರನೆಯ ದಿನ ಹೊಸ ಕಾಯಿಲ್ ಕೊಂಡೆ,
ಬಿಲ್ಲಿನ ಸಮೇತ ಅವನ ಮೇಜಿಗೆ ಕುಕ್ಕಿ
ಋಣ ಹರಿದುಕೊಂಡು ಬರೋಣವೆಂದು.
ಬೈಗುಳವನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ.

"ನಿಮ್ಮ ಹತ್ತಿರಾನೇ ಇರಲಿ ಮೇಡಂ," ಎಂದ,
"ನಿಮ್ಮಲ್ಲೊಂದು ಇದ್ದರೆ
ನನಗೂ ಒಂದು ಸ್ಪೇರ್ ಇದ್ದ ಹಾಗೆ."

ಕಾಯಿಲ್ ಹಿಡಿದು ಹಾಗೇ ವಾಪಸು ಬಂದೆ.
ಈಗ ಅದು ಸ್ವಿಚ್‌ಬೋರ್ಡಿನ ಪಕ್ಕ ಮೊಳೆಗೆ ತೂಗುತ್ತಿದೆ,
ಯಾರದೆಂದು ಕೇಳಿದರೆ ತಬ್ರೇಜ್ ನನ್ನ ಮುಖ ನೋಡುತ್ತಾನೆ.

ಲಗ್ಗೆರೆಯಲ್ಲಿ ಹೊಸದಾಗಿ ಪ್ರೆಸ್ಸು ಹಾಕಿದ ಹುಡುಗಿ
ನಿನ್ನೆ ಬಂದು ಕೇಳಿದಳು,
"ಕಾಂಟ್ಯಾಕ್ಟು ಬೆಳೆಸೋದು ಹೇಗೆ ಆಂಟಿ?"
ಹದಿನೆಂಟು ಕಾರ್ಡು ಇನ್ನೂ ಡ್ರಾಯರಿನಲ್ಲಿವೆ.
ಚಲನ್ ಪುಸ್ತಕ ಮಗುಚಿ ಕೊನೆಯ ಹಾಳೆ ತೋರಿಸಿದೆ.
ಗ್ರೀಸಿನ ಹೆಬ್ಬೆಟ್ಟು, ಪೆನ್ಸಿಲಿನ ಐದೇ ನಂಬರು.
ಬರೆದುಕೊಂಡಳು. ನಾಲ್ಕನೆಯದರ ಮುಂದೆ
ನಾನೇ ಗೀಚಿದ್ದನ್ನು ಜೋರಾಗಿ ಓದಿದಳು,
"ಕಳ್ಳ. ಯಾವಾಗ ಬೇಕಾದರೂ ಕರೆಯಬಹುದು."

ರಾತ್ರಿ ಷಟರ್ ಎಳೆಯುವ ಮುನ್ನ
ಆ ಶೆಡ್ಡಿನ ಕಡೆ ಒಮ್ಮೆ ನೋಡುತ್ತೇನೆ.
ಲೈಟು ಇದ್ದರೆ, ಯಾರ ಆರ್ಡರೋ ಎಂಬ ಹೊಟ್ಟೆಯುರಿ.
ಇಲ್ಲದಿದ್ದರೆ
ಬೀಗ ಹಾಕಲು ಸ್ವಲ್ಪ ತಡವಾಗುತ್ತದೆ.