ಅಳತಿ ವಹಿ

ತೇಜು, ಅದನ್ನ ಅಳಿಸಿಬಿಡು.
'ಸದರಿ ಮಾಹಿತಿಯನ್ನು ಮೂರನೇ ವ್ಯಕ್ತಿಗಳೊಂದಿಗೆ
ಹಂಚಿಕೊಳ್ಳಬಹುದಾಗಿದ್ದು' — ಯಾರವ್ವಾ ಈ ಮೂರನೇ ವ್ಯಕ್ತಿ?
ಬೆಟಗೇರಿ ಬಸ್ ಸ್ಟ್ಯಾಂಡಿನ್ಯಾಗ ಕುಂತಿರತಾನೇನ?
ಕುಬಸದ ವ್ಯವಹಾರದಾಗ ಇರೋವು ಎರಡ ಜೀವ:
ಹೊಲಿಸಾಕಿ, ಹೊಲಿಯಾಕಿ.
ಬಸರಿದ್ರ ಮೂರು. ಆ ಮಾತು ಆಮ್ಯಾಲ.

ನಿನ್ನ ಈ ಗಾಜಿನೊಳಗಿನ ಅಂಗಡಿ ಚಲೋ ಐತಿ.
ಖಣದ ಬಣ್ಣ ಬರೋಬ್ಬರಿ ಬಂದಾವು.
ಹುಬ್ಬಳ್ಳಿಯಾಕಿ, ಪುಣೆಯಾಕಿ, ಕುಂತಲ್ಲೇ ಬೆರಳಿಲೆ ಒತ್ತಿ
ಎದಿ ಇಷ್ಟು, ನಡ ಇಷ್ಟು, ತೋಳು ಇಷ್ಟು ಅಂತ ಕಳಸತಾರ,
ರೊಕ್ಕಾನೂ ಕಳಸತಾರ. ಬ್ಯಾಡ ಅನ್ನಂಗಿಲ್ಲ ನಾ.
ಆದ್ರ ಕೆಳಗ ಏನ ಬರೀಬೇಕು ಅನ್ನೂದು ನಾ ಹೇಳತೀನಿ, ನೀ ಒತ್ತು.

ಬರಿ:
ಟೇಪು ಹಿಡಿಯೂ ಮೊದಲು ಬಾಗಲಾ ಮುಂದ ಮಾಡತೀವಿ.
ಅಂಕಿ ಕೂಗಿ ಹೇಳಂಗಿಲ್ಲ; ಹೊರಗ ಕಟ್ಟಿ ಮುಂದ
ನಿಮ್ಮ ಮೈದುನ ಸೈಕಲ್ ಹಿಡಕೊಂಡು ನಿಂತಿರತಾನ, ನಮಗ ಗೊತ್ತೈತಿ.
ಬೆನ್ನಿನ ಆಳ ಎಷ್ಟು ಅಂತ ಕೇಳತೀವಿ. ಯಾಕ ಅಂತ ಕೇಳಂಗಿಲ್ಲ.
ಊರು ಬೇಕು, ಪಾರ್ಸಲ್ ಕಳಸಾಕ.
ಹುಟ್ಟಿದ ತಾರೀಖು ಯಾಕ ಬೇಕ, ತೇಜು?
ಕುಬಸಕ್ಕ ಜಾತಕಾ ಕೂಡಸತೀಯೇನ?
ತಗಿ ಆ ಖಾನೆ.

ನಮ್ಮ ವಹ್ಯಾಗ ಹೆಸರ ಇರಲಿಲ್ಲ.
ನಮ್ಮವ್ವನ ಕಾಲದಿಂದ ಗುರುತಿನ್ಯಾಗ ಬರದೇವಿ:
ಮಗ್ಗದ ಹಿಂದಿನ ಮನಿ, ಬೇವಿನ ಗಿಡ, ಬಲಗೈ ಗಡಿಯಾರದಾಕಿ.
ಒಬ್ಬಾಕಿದು ಬರೇ ಒಂದು ಚುಕ್ಕಿ.
ಆ ಚುಕ್ಕಿ ಯಾರು ಅಂತ ನಮ್ಮಪ್ಪಗೂ ಗೊತ್ತಾಗಲಿಲ್ಲ.
ಒಂದ ವರ್ಷ ಹಂಚಿನ ಸಂದಿಲೆ ನೀರಿಳದು
ಅರ್ಧ ವಹಿ ತೊಯ್ದು ಶಾಯಿ ಹರೀತು,
ಅರವತ್ತು ಹೆಣ್ಮಕ್ಕಳು ಒಂದ ನೀಲಿ ಆದ್ರು.
ಮತ್ತ ಕರದು ಅಳದ್ವಿ. ಯಾರೂ ಬೈಲಿಲ್ಲ.

ಈಗ ಬರೀಬ್ಯಾಡ. ಕೇಳು ಅಷ್ಟ.
ನಾ ಹತ್ತೊಂಬತ್ತರಾಕಿ ಇದ್ದಾಗ, ಶ್ರಾವಣದಾಗ,
ಒಂದ ಹುಡಿಗಿ ಬಂದ್ಲು. ಲಗ್ನ ಇನ್ನೂ ಆಗಿರಲಿಲ್ಲ.
ಯುಗಾದಿಗೆ ಮೂವತ್ತೆರಡು ಇದ್ದದ್ದು ಮೂವತ್ನಾಕು,
ನಡದ ಮ್ಯಾಲ ಟೇಪು ಎರಡ ಬೆರಳು ಹಿಂದ ಸರೀತು.
ಟೇಪಿಗೆ ಗೊತ್ತಾತು. ಟೇಪು ಸುಮ್ನಿತ್ತು.
ನಾ ಸುಮ್ನಿರಲಿಲ್ಲ.
ನಳದ ಪಾಳ್ಯಾಗ ಕೊಡ ತುಂಬೂತನಾ ಏನರ ಆಡಬೇಕಲ್ಲ,
ಬಾಜೂಕಿನಾಕಿಗೆ ಅಂದೆ. ಬರೇ ಅಂಕಿ ಅಂದೆ,
ಹೆಸರ ಹೇಳಲಿಲ್ಲ.
ಅಂಕಿಗೆ ಕಾಲಿರತಾವು, ತೇಜು.
ಅದು ತನ್ನ ಮನಿ ತಾನ ಹುಡಿಕ್ಕೊಂಡು ಹೋತು.

ಎಂಟ ದಿನದಾಗ ಅವರ ಬಾಗಲಕ್ಕ ಕೀಲಿ.
ಆ ಕುಬಸ ನನ್ನ ಹತ್ರನ ಉಳೀತು, ತೋಳು ಹಚ್ಚಿರಲಿಲ್ಲ.
ಅಕಿ ಹೆಸರ ಕೇಳಬ್ಯಾಡ.
ನಲವತ್ತು ವರ್ಷ ಹಲ್ಲಿನ ಹಿಂದ ಇಟ್ಟೀನಿ,
ಮೊದಲ ಇಟ್ಟಿದ್ರ ಆಗತಿತ್ತು.

ಮೊನ್ನಿ ನನಗಂತ ಮೊಣಕಾಲಿನ ಎಣ್ಣಿ ಹುಡುಕಿದಿ ನೀ,
ರಾತ್ರಿ ಅದ ಫೋನಿನ್ಯಾಗ ಊರುಗೋಲು,
ಹಿಡಿಕಿ ಇದ್ದ ಕುರ್ಚಿ, ಮುದುಕರ ವಿಮೆ
ಒಂದರ ಬೆನ್ನಿಗೆ ಒಂದು ಬಂದ್ವು.
ನೀ ನಕ್ಕಿ. ನನಗ ನಳದ ಸಪ್ಪಳ ಕೇಳಿಸ್ತು.
ಯಾವಾಕಿನೋ ಎಲ್ಲೋ
ಕೊಡ ತುಂಬೂತನಾ ನಿಂತಾಳ.

ಹೂಂ, ಈಗ ಬರಿ.
ಕುಬಸ ಮುಟ್ಟಿ, ಮೈಗೆ ಸರಿ ಕುಂತೈತಿ ಅಂದ ಮ್ಯಾಲ
ನಿಮ್ಮ ಅಳತಿ ಅಳಿಸತೀವಿ. ಇಡ್ರಿ ಅಂದ್ರ ಇಡತೀವಿ.
ಒಳಗ ಒಂದಿಂಚು ಮಡಚಿ ಬಿಟ್ಟಿರತೀವಿ,
ಬೇಕಾದಾಗ ಬಿಚ್ಚಿಕೊಳ್ರಿ. ಯಾಕ ಅಂತ ನಮಗ ಹೇಳಬ್ಯಾಡ್ರಿ.
ಮೂರನೇ ಜೀವ ಒಂದು ಇದ್ದದ್ದ ಖರೆ ಆದ್ರ
ಅದರ ಸುದ್ದಿ ಅದರದು.

ಶುದ್ಧ ಭಾಷಾಕ್ಕ ತಿದ್ದಬ್ಯಾಡ, ಹಿಂಗ ಇರಲಿ.
ಮತ್ತ ಆ 'ಒಪ್ಪಿದೆ' ಅನ್ನೂ ಹಸಿರ ಗುಂಡಿ ಐತೆಲ್ಲ,
ಅದರ ಬಾಜೂಕ 'ಒಲ್ಲೆ' ಅನ್ನೂದನ್ನೂ ಅಷ್ಟ ದೊಡ್ಡದು ಮಾಡು.
ಒಲ್ಲೆ ಅಂದಾಕಿದೂ ಹೊಲೀತೀನಿ.
ಹಳೇ ಕುಬಸ ಒಂದು ಕಳಸು ಅನ್ನು,
ಅದರ ಮ್ಯಾಲ ಅರಿವಿ ಹಾಸಿ, ಅಂಕಿ ನೋಡದನ
ಕತ್ತರಸತೀನಿ.