ತಕ್ಕದ್ದು

೧೨.೯೭, ೭೭.೫೯:
ಇದು ಬೆಂಗಳೂರು.
ಅದಲುಬದಲಾಗಿ ಓದಿದರೆ
ವಿಧಾನಸೌಧ, ಪುಟ್ಟೇನಹಳ್ಳಿ, ನಮ್ಮ ಕ್ಯಾಂಟೀನು ಸಮೇತ
ಧ್ರುವದ ಹತ್ತಿರದ ಮಂಜುಗಡಲಿಗೆ ಬಿತ್ತು.

ನಮ್ಮ ಸರ್ವರು ಅಕ್ಷಾಂಶ ಮೊದಲು ಅನ್ನುತ್ತದೆ,
ವಾಯುಪಡೆಯದು ರೇಖಾಂಶ.
ಅಂತರರಾಷ್ಟ್ರೀಯ ಮಾನಕದ ಪುಸ್ತಕ
ಇಬ್ಬರಿಗೂ ತಲೆಯಾಡಿಸುತ್ತದೆ,
ಮದುವೆ ಮಾತುಕತೆಗೆ ಕೂತ ಹಿರೀಕನ ಹಾಗೆ.

ಮೂರು ವಾರದಿಂದ
ಸಿ.ವಿ. ರಾಮನ್ ನಗರದ ಈ ಕಿಟಕಿಯ ಪಕ್ಕ
ಕ್ಯಾಪ್ಟನ್ ದೇಚಮ್ಮ
ಅದರೊಳಗಿನ 'ಬಹುದು'ಗಳನ್ನು ಹೊಡೆದುಹಾಕಿ
'ತಕ್ಕದ್ದು' ಬರೆಯುತ್ತಿದ್ದಾರೆ.

ನಕ್ಷೆ ತನ್ನ ತಾರೀಖು ಹೇಳತಕ್ಕದ್ದು.
ಬೆಟ್ಟದ ಎತ್ತರ ಎಲ್ಲಿಂದ ಅಳೆದದ್ದೆಂದು ಹೇಳತಕ್ಕದ್ದು.
ಗೊತ್ತಿಲ್ಲದ ಕಡೆ ಖಾಲಿ ಬಿಡದೆ
ಗೊತ್ತಿಲ್ಲ ಎನ್ನತಕ್ಕದ್ದು.

ಗೊತ್ತಿದ್ದೂ ಹೇಳಬಾರದ್ದಾದರೆ? ಎಂದೆ.

ಪೆನ್ನಿನ ಮುಚ್ಚಳ ಕಚ್ಚಿಕೊಂಡು ಸುಮ್ಮನಿದ್ದರು.
ಆಚೆ ಕಗ್ಗದಾಸಪುರದ ರೈಲ್ವೆ ಗೇಟು ಬಿದ್ದಿತ್ತು.
ಈಚೆ ಒಂದು ಆಂಬುಲೆನ್ಸು
ಬಾಯಿ ಬಡಿದುಕೊಳ್ಳುತ್ತಿತ್ತು.

"ನಮ್ಮಣ್ಣನ ತುಕಡಿಗೆ ಕೊಟ್ಟ ನಕ್ಷೆಯಲ್ಲಿ
ಸೇತುವೆ ಇತ್ತು" ಎಂದರು.
"ಹಿಂದಿನ ಮಳೆಗಾಲದ್ದು."

ಆಮೇಲೆ ನನ್ನ ಪ್ರಶ್ನೆಯನ್ನು ಅಲ್ಲೇ ಬಿಟ್ಟು
ಮೇಲಿನ ಸಾಲಿಗೆ ಹೋಗಿ
ತಾರೀಖಿನ ಕೆಳಗೆ
ಇನ್ನೊಂದು ಗೆರೆ ಎಳೆದರು.
ಹಾಳೆ ಸ್ವಲ್ಪ ಹರಿಯಿತು.